ಪಾದ್ರಿಯ ವರಮಾನ, ಪಾದ್ರಿಯ ಅಧಿಕಾರ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಹಳ್ಳಿಗಳನ್ನು ಕುರಿತು ಬಂದ ಲೇಖನವನ್ನು ಓದಿ, ಶಾಲೆ, ಸ್ಮಶಾನ, ಬಡವರ ಯೋಗಕ್ಷೇಮ ಎಲ್ಲದರಲ್ಲೂ ಕೈಯಾಡಿಸುತ್ತಿದ್ದ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರು) ಪಾದ್ರಿ ಸರ್ಕಾರಿ ನೌಕರನೇ, ಊರಿನವರು ಅವನಿಗೆ ಎದುರಾಡುತ್ತಲೇ ಇರಲಿಲ್ಲವೇ ಎಂದು ಕೇಳಿದ್ದೀರಿ.

ಅವನು ಸರ್ಕಾರದ ಸಂಬಳ ಪಡೆಯುತ್ತಿದ್ದವನಲ್ಲ. ಅವನನ್ನು ನೇಮಿಸುವ ಹಕ್ಕು ಬಿಷಪ್ಪನಲ್ಲೋ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಕಾಲೇಜುಗಳಲ್ಲೋ ಇರುತ್ತಿದ್ದುದುಂಟು; ಬಹಳ ಕಡೆ ಅದು ಸ್ಥಳೀಯ ಜಮೀನುದಾರನ ಸೊತ್ತಾಗಿತ್ತು, ಇತರ ಆಸ್ತಿಯಂತೆ ಮಾರಬಹುದಾದ ಸೊತ್ತಾಗಿತ್ತು. ಪಾದ್ರಿಗೆ ನಮ್ಮ ದೇವಸ್ಥಾನಗಳ ಇನಾಮು ಭೂಮಿಯಂಥ ಒಂದಿಷ್ಟು ಜಮೀನೂ ದಶಮಾಂಶದ ವರಮಾನವೂ ಇರುತ್ತಿದ್ದವು. ಹಿಂದೆ ಧಾನ್ಯ, ಉಣ್ಣೆ, ಹಂದಿಮರಿಗಳಲ್ಲಿ ಹತ್ತರಲ್ಲೊಂದು ಪಾಲೆಂದು ಎತ್ತುತ್ತಿದ್ದ ಈ ವಸೂಲಿ, ಸಾಕಷ್ಟು ಜಗಳಗಳಿಗೆ ಕಾರಣವಾದ ಮೇಲೆ, 1836ರ ಕಾನೂನಿನಿಂದ ಹಣದ ರೂಪ ತಾಳಿ, ಗೋಧಿ, ಬಾರ್ಲಿ ಮತ್ತು ಓಟ್ಸ್‌ಗಳ ಏಳು ವರ್ಷಗಳ ಸರಾಸರಿ ಬೆಲೆಗೆ ತಕ್ಕಂತೆ ಏರಿಳಿಯತೊಡಗಿತು. ಹೀಗಾಗಿ 1870ರ ದಶಕದ ಕೊನೆಯಿಂದ ಅಮೆರಿಕದ ಅಗ್ಗದ ಗೋಧಿ ಬಂದು ಬೆಲೆ ಕುಸಿದಾಗ, ರೈತನ ಹಿಂದೆಯೇ ಪಾದ್ರಿಯ ಸಂಸಾರವೂ ಸೊರಗಿತು. ಈ ಪಾದ್ರಿಗಳೆಲ್ಲ ಸ್ಥಿತಿವಂತರೆಂದು ಭಾವಿಸುವವರು ಇದನ್ನು ಮರೆಯುತ್ತಾರೆ. ಅವರ ಕೈಕೆಳಗಿನ ಸಹಾಯಕ ಪಾದ್ರಿಗಳಾದ ಕ್ಯೂರೇಟರ ಬಡತನವನ್ನಂತೂ ಹೇಳುವುದೇ ಬೇಡ.

ಇನ್ನು ಊರಿನವರು ಪಾದ್ರಿಗೆ ಎದುರಾಡುತ್ತಿದ್ದರು. ಅದೂ ಹೆಚ್ಚಾಗಿ ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ಬೇರೆಯಾದ ಪಂಥದ ಮೆಥಡಿಸ್ಟರ ಪುಟ್ಟ ಪ್ರಾರ್ಥನಾ ಮಂದಿರಗಳಿಂದ. ವಾರ್ವಿಕ್‌ಶೈರಿನ ಬಾರ್‌ಫರ್ಡಿನ ಕೂಲಿಕಾರ ಜೋಸೆಫ್ ಆರ್ಚ್ ಬಾಲ್ಯದಲ್ಲಿ ಚರ್ಚಿನ ಬಾಗಿಲ ಕೀಲಿಕಿಂಡಿಯಿಂದ ಇಣುಕಿ, ಪ್ರಭುಭೋಜನದ ಪ್ರಸಾದ ಮೊದಲು ಜಮೀನುದಾರನಿಗೆ, ಆಮೇಲೆ ರೈತರಿಗೆ ಮತ್ತು ವ್ಯಾಪಾರಿಗಳಿಗೆ, ಕಟ್ಟಕಡೆಗೆ ತನ್ನ ತಂದೆಯಂಥ ಕೂಲಿಗಳಿಗೆ ಸಲ್ಲುವುದನ್ನು ಕಂಡಿದ್ದನು. ದೇವರ ಸನ್ನಿಧಿಯ ಆ ಪಂಕ್ತಿಭೇದವನ್ನು ಅವನು ಜೀವಮಾನವಿಡೀ ಕ್ಷಮಿಸಲಿಲ್ಲ. ಮೆಥಡಿಸ್ಟ್ ಬೋಧಕನಾಗಿ ಮಾತು ಪಳಗಿಸಿಕೊಂಡ ಅವನು 1872ರ ಫೆಬ್ರವರಿಯಲ್ಲಿ ವೆಲ್ಸ್‌ಬೋರ್ನಿನ ಚೆಸ್ಟ್‌ನಟ್ ಮರದಡಿ ಕೂಲಿಕಾರರನ್ನು ಒಗ್ಗೂಡಿಸಿದನು. 1885ರಲ್ಲಿ ಪಾರ್ಲಿಮೆಂಟನ್ನೂ ಪ್ರವೇಶಿಸಿದನು.

ಪಾದ್ರಿಯ ಅಧಿಕಾರವನ್ನು ಕಾನೂನೂ ತುಂಡುತುಂಡಾಗಿ ಕಿತ್ತುಕೊಂಡಿತು. ಬಡವರ ಪೋಷಣೆ 1834ರಲ್ಲೇ ಹಲವು ಪ್ಯಾರಿಷ್‌ಗಳ ಒಕ್ಕೂಟಗಳಿಗೆ ಹೋಗಿತ್ತು. ಚರ್ಚಿನ ಕಡ್ಡಾಯ ತೆರಿಗೆ 1868ರಲ್ಲಿ ರದ್ದಾಯಿತು. 1880ರಿಂದ ಅನ್ಯಪಂಥದವರು ಚರ್ಚಿನ ಆವರಣದಲ್ಲೇ ತಮ್ಮ ವಿಧಿಯಂತೆ ಶವಸಂಸ್ಕಾರ ಮಾಡಬಹುದಾಯಿತು. ಪಾದ್ರಿಯ ಅಧ್ಯಕ್ಷತೆಯಲ್ಲಿ ಸೇರುತ್ತಿದ್ದ ವೆಸ್ಟ್ರಿ ಎಂಬ ಊರ ಸಭೆಯ ಲೌಕಿಕ ಅಧಿಕಾರಗಳು 1894ರ ಕಾನೂನಿನಿಂದ ಚುನಾಯಿತ ಪ್ಯಾರಿಷ್ ಕೌನ್ಸಿಲಿಗೆ ವರ್ಗವಾದವು. ಅದರ ಸದಸ್ಯನಾಗಬೇಕಾದರೆ ಪಾದ್ರಿಯೂ ಕೂಲಿಯವನಂತೆಯೇ ಊರವರ ಮತ ಕೇಳಬೇಕಾಯಿತು.

— ಸಂಪಾದಕ