ಗಂಡ ಆಸ್ಪತ್ರೆಗೆ ಬರಲ್ಲ ಅಂದರೆ ಮೊದಲ ಸಲ ನೀವೇ ಹೋಗಿ

ನೀವು ಬರೆದಿದ್ದು ಉದ್ದವಾಗಿತ್ತು. ನನಗೆ ಅರ್ಥವಾದದ್ದು ಇಷ್ಟು: ಅರಸೀಕೆರೆ ಕಡೆ ಹಳ್ಳಿ. ಯಜಮಾನರಿಗೆ ಬೆಳಿಗ್ಗೆ ಎದ್ದ ತಕ್ಷಣ ಕ್ವಾರ್ಟರ್ ಬೇಕು, ಇಲ್ಲದಿದ್ದರೆ ಕೈ ನಡುಗುತ್ತೆ. ಆಸ್ಪತ್ರೆ ಅಂದರೆ "ನನಗೇನು ಹುಚ್ಚಾ?" ಅಂತ ಎದ್ದು ಹೋಗುತ್ತಾರೆ. ಮೈದುನ ಯಾವುದೋ ಖಾಸಗಿ ಸೆಂಟರ್ ಹೇಳಿದ್ದಾರೆ. ಅವರು ರಾತ್ರಿ ಗಾಡಿ ತಂದು ಎತ್ತಿಹಾಕಿಕೊಂಡು ಹೋಗಿ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಾರಂತೆ. ಪಕ್ಕದ ಮನೆಯವರು ಸಾರಿಗೆ ಬೆರೆಸುವ ಪುಡಿ ಹೇಳಿದ್ದಾರೆ. ಪಿಯುಸಿ ಓದುವ ಮಗ ಹಾನ್ಸ್ ತಂಬಾಕು ಹಾಕೋದು ಕಲಿತಿದ್ದಾನೆ. ಹತ್ತಿರದಲ್ಲಿ, ಕೈಗೆಟುಕುವ ಖರ್ಚಿನಲ್ಲಿ ಏನಾದರೂ ಇದೆಯಾ ಅಂತ ಕೇಳಿದ್ದೀರಿ.

ಇದೆ. ಆದರೆ ಅವರು ಒಪ್ಪಲಿ ಅಂತ ಕಾಯುತ್ತಾ ಕೂರಬೇಡಿ. ಮೊದಲ ಸಲ ನೀವೊಬ್ಬರೇ ಹೋಗಿ.

ನಾನು ಡಾಕ್ಟರ್ ಅಲ್ಲ, ತಿಪಟೂರಿನವಳು. ನಮ್ಮಣ್ಣ ಕುಡಿತ ಬಿಟ್ಟು ವರ್ಷಗಳಾದವು. ಆಗ ಅತ್ತಿಗೆ ಜೊತೆ ಆಸ್ಪತ್ರೆ, ಕೌನ್ಸೆಲಿಂಗ್, ಮೀಟಿಂಗ್ ಅಂತ ಓಡಾಡಿದವಳು ನಾನು. ಈಗಲೂ ನೆಂಟರಿಷ್ಟರಲ್ಲಿ ಯಾರ ಮನೆಯಲ್ಲಾದರೂ ಇದೇ ತಾಪತ್ರಯ ಬಂದರೆ ಜೊತೆಗೆ ಕರೆಯುತ್ತಾರೆ, ಹೋಗುತ್ತೇನೆ. ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ಇವತ್ತೇ ಸಿಗುವಂಥದ್ದು ಫೋನ್. 14416ಕ್ಕೆ ಮಾಡಿ. ಟೆಲಿ ಮಾನಸ್ ಅಂತ ಹೆಸರು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿತು, ಅದನ್ನು ಮುಂದೆ ನಿಂತು ನೋಡಿಕೊಳ್ಳುವುದು ನಮ್ಮ ನಿಮ್ಹಾನ್ಸೇ. ಹಗಲೂ ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕುಡಿಯುವವರೇ ಮಾಡಬೇಕು ಅಂತೇನಿಲ್ಲ. "ನನ್ನ ಗಂಡ ಕುಡೀತಾರೆ, ನನಗೆ ಸಾಕಾಗಿದೆ" ಅಂತ ನೀವೇ ಹೇಳಿಕೊಳ್ಳಬಹುದು. ಇನ್ನೊಂದು ನಂಬರ್ 14446, ಕೇಂದ್ರದ ಸಾಮಾಜಿಕ ನ್ಯಾಯ ಇಲಾಖೆಯದ್ದು. ಆ ಇಲಾಖೆಯ ಅನುದಾನದಲ್ಲಿ ನಡೆಯುವ ವ್ಯಸನಮುಕ್ತಿ ಕೇಂದ್ರ ನಿಮಗೆ ಹತ್ತಿರ ಎಲ್ಲಿದೆ ಅಂತ ಕೇಳೋದಕ್ಕೆ ಅದು ಸರಿ.

ಫೋನ್ ಆದಮೇಲೆ ತಾಲ್ಲೂಕು ಆಸ್ಪತ್ರೆ. ಅಲ್ಲಿ ಕೆಮ್ಮು, ಜ್ವರ, ಹೆರಿಗೆ ಬಿಟ್ಟರೆ ಬೇರೇನೂ ನೋಡಲ್ಲ ಅಂತಲೇ ಜಾಸ್ತಿ ಜನ ಅಂದುಕೊಂಡಿದ್ದಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಪ್ರತಿ ಜಿಲ್ಲೆಯಲ್ಲೂ ಒಂದು ತಂಡ ಇರುತ್ತೆ. ಇಡೀ ದೇಶ ನೋಡಿ ಕಲಿತ ಈ ಮಾದರಿ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ಮನೋಚೈತನ್ಯ ಅಂತ ರಾಜ್ಯ ಸರ್ಕಾರದ್ದೇ ಇನ್ನೊಂದು ಕಾರ್ಯಕ್ರಮ ಇದೆ. ಅದರಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮಲ್ಲಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲಾಂದ್ರೆ ಆಸ್ಪತ್ರೆಗೇ ಫೋನ್ ಮಾಡಿ ಕೇಳಿಕೊಂಡು ಹೊರಡಿ. ಸುಮ್ನೆ ಹೋಗಿ ವಾಪಸ್ ಬಂದರೆ ಎರಡನೇ ಸಲ ಹೋಗೋಕೆ ಮನಸ್ಸೇ ಬರಲ್ಲ.

ನೀವೊಬ್ಬರೇ ಹೋದರೆ ಏನು ಪ್ರಯೋಜನ ಅನ್ನಿಸಬಹುದು. ಪ್ರಯೋಜನ ಇದೆ. ಎಷ್ಟು ಕುಡಿಯುತ್ತಾರೆ, ಎಷ್ಟು ವರ್ಷದಿಂದ, ಫಿಟ್ಸ್ ಬಂದಿತ್ತಾ, ರಕ್ತ ವಾಂತಿ ಆಗಿತ್ತಾ, ಹೊಡೀತಾರಾ, ಸಾಯ್ತೀನಿ ಅಂತ ಹೇಳಿದ್ದಾರಾ, ಇದನ್ನೆಲ್ಲ ಡಾಕ್ಟರ್ ಮುಂದೆ ಬಿಚ್ಚಿ ಹೇಳೋದು ಮನೆಯವರೇ. ಯಜಮಾನರು ಪಕ್ಕದಲ್ಲಿ ಕೂತಿದ್ದರೆ ನೀವು ಅರ್ಧ ನುಂಗುತ್ತೀರಿ. ಅತ್ತಿಗೆ ಒಬ್ಬರೇ ಹೋದ ದಿನ ಕೌನ್ಸೆಲರ್ ಕಲಿಸಿದ ಒಂದು ಮಾತು ನಮ್ಮ ಮನೆಯಲ್ಲಿ ತುಂಬಾ ಕೆಲಸಕ್ಕೆ ಬಂತು: ಅವರು ಕುಡಿದಿರುವಾಗ ಕುಡಿತದ ಮಾತೇ ಎತ್ತಬೇಡಿ. ಬೆಳಿಗ್ಗೆ, ಮೈ ಸರಿಯಿಲ್ಲ ಅಂತ ಅವರೇ ಅನ್ನುವ ಹೊತ್ತಿಗೆ, "ನಿದ್ದೆ ಬರ್ತಿಲ್ಲ ಅಂತೀರಲ್ಲ, ಊಟ ಸೇರ್ತಿಲ್ಲ ಅಂತೀರಲ್ಲ, ಅದಕ್ಕೆ ತೋರಿಸಿಕೊಂಡು ಬರೋಣ" ಅನ್ನಿ. ಹೊಟ್ಟೆನೋವಿಗೆ ಅಂತ ಬಂದವರೂ ಕೊನೆಗೆ ಕುಡಿತದ ಡಾಕ್ಟರ್ ಹತ್ತಿರ ಕೂತಿದ್ದನ್ನು ಕಣ್ಣಾರೆ ನೋಡಿದ್ದೇನೆ.

ನಮ್ಮಣ್ಣ ಬಂದದ್ದೂ ಹಾಗೇ. ಡಾಕ್ಟರ್ ಬೈಯಲಿಲ್ಲ, ಉಪದೇಶನೂ ಮಾಡಲಿಲ್ಲ. ಎರಡೂ ಕೈ ಮುಂದೆ ಚಾಚಿ ಬೆರಳು ಅಗಲಿಸಿ ಅಂದರು. ಓಪಿಡಿ ಚೀಟಿಯನ್ನೇ ಎತ್ತಿ ಬೆರಳ ಮೇಲೆ ಇಟ್ಟರು. ಚೀಟಿ ಪಟಪಟ ಅಂತ ಅದುರುತ್ತಿತ್ತು. ಅಣ್ಣ ಅದನ್ನೇ ನೋಡುತ್ತಾ ಕೂತ. "ಕೊನೆಗೆ ತಗೊಂಡಿದ್ದು ಯಾವಾಗ?" ಅಂತ ಕೇಳಿದರು. "ಬೆಳಿಗ್ಗೆ ಆರಕ್ಕೆ" ಅಂದ. ಮನೆಯಲ್ಲಿ ನಮಗೆಲ್ಲ ಸಂಜೆ ಮಾತ್ರ ಅಂತ ಹೇಳುತ್ತಿದ್ದವನು!

ಈಗ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬೆಳಿಗ್ಗೆಯೇ ಕೈ ನಡುಗುವವರು ಒಂದೇ ಏಟಿಗೆ ಕುಡಿತ ನಿಲ್ಲಿಸುವುದು ಅಪಾಯ. ಮನೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆ, ದೇವರ ಮುಂದೆ ಆಣೆ ಹಾಕಿಸುತ್ತೇವೆ ಅಂತ ಹೊರಡಬೇಡಿ. ನಿಲ್ಲಿಸಿದ ಮೊದಲ ದಿನ ಬೆವರು, ನಡುಕ, ನಿದ್ದೆ ಇಲ್ಲ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಒಳಗೆ ಕೆಲವರಿಗೆ ಬುದ್ಧಿ ಕಲಸಿಹೋಗುತ್ತೆ. ಗೋಡೆ ಮೇಲೆ ಇಲ್ಲದ ಹುಳ ಕಾಣುತ್ತೆ, ಯಾರೋ ಕರೆದಂತೆ ಕೇಳುತ್ತೆ, ಇರುವ ಜಾಗ ಯಾವುದು ಅಂತ ಗೊತ್ತಾಗಲ್ಲ. ನಮ್ಮ ಕಡೆ ಇದನ್ನು ಗಾಳಿ ಸೋಕಿದೆ ಅಂತ ಮಂತ್ರ ಹಾಕಿಸೋಕೆ ಹೋಗಿಬಿಡುತ್ತಾರೆ. ಅದು ನೇರ ಆಸ್ಪತ್ರೆಗೆ ಓಡಬೇಕಾದ ಹೊತ್ತು, ಜೀವ ಹೋಗಬಹುದು. 108ಕ್ಕೆ ಫೋನ್ ಮಾಡಿ. ಇದನ್ನೇ ಮಾತ್ರೆ ಕೊಟ್ಟು ಐದಾರು ದಿನದಲ್ಲಿ ಸಲೀಸಾಗಿ ದಾಟಿಸುವ ಕ್ರಮ ಡಾಕ್ಟರ್‌ಗಳಿಗೆ ಚೆನ್ನಾಗಿ ಗೊತ್ತಿದೆ.

ಇನ್ನೊಂದು. ಸುಸ್ತು ಅಂತ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಗ್ಲೂಕೋಸ್ ಬಾಟಲ್ ಹಾಕಿಸುತ್ತೀರಿ, ಅಲ್ವಾ? ತುಂಬಾ ವರ್ಷ ಕುಡಿದವರ ಮೈಯಲ್ಲಿ ಬಿ1 ಅನ್ನುವ ವಿಟಮಿನ್ ಬರಿದಾಗಿರುತ್ತೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದು. ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. "ಇವರು ದಿನಾ ಕುಡೀತಾರೆ, ಬಿ1 ಇಂಜೆಕ್ಷನ್ ಬೇಕಾಗುತ್ತಾ ನೋಡಿ" ಅಂತ ನೀವೇ ಬಾಯಿಬಿಟ್ಟು ಹೇಳಿ.

ಸಾರಿಗೆ ಬೆರೆಸುವ ಪುಡಿ ಬೇಡವೇ ಬೇಡ. ಅಂಥ ಪುಡಿಯೊಳಗೆ ಏನಿದೆ ಅಂತ ಮಾರುವವನಿಗೂ ಗೊತ್ತಿರಲ್ಲ. ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ಇದೆ. ಅದು ಹೊಟ್ಟೆಯಲ್ಲಿದ್ದಾಗ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತೆ. ಡಾಕ್ಟರ್ ಅದನ್ನು ಕೊಡುವುದು ರೋಗಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿಸಿದ ಮೇಲೆ. ಅಂಥದ್ದನ್ನು ಗುಟ್ಟಾಗಿ ತಿನ್ನಿಸಿದರೆ ಮನುಷ್ಯ ಸಾಯಲೂಬಹುದು. ಬದುಕಿದರೂ ಆಮೇಲೆ ನಿಮ್ಮ ಕೈಯ ಊಟ ನಂಬುತ್ತಾರಾ?

ಗಾಡಿ ತಂದು ಎತ್ತಿಹಾಕಿಕೊಂಡು ಹೋಗುವವರ ವಿಷಯಕ್ಕೆ ಬರೋಣ. ನಿಮ್ಮ ಸಂಕಟ ಗೊತ್ತು. ನಾಲ್ಕು ದಿನ ಮನೆಯಲ್ಲಿ ನೆಮ್ಮದಿಯಿಂದ ನಿದ್ದೆ ಮಾಡಿದರೆ ಸಾಕು ಅನ್ನಿಸಿಬಿಡುತ್ತೆ. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ, ಡ್ರಗ್ಸ್‌ನಿಂದ ಬರುವ ತೊಂದರೆಗೂ ಅನ್ವಯಿಸುತ್ತೆ. ಒಪ್ಪದವರನ್ನು ಸೇರಿಸಿಕೊಳ್ಳೋದಕ್ಕೂ ಅದರಲ್ಲಿ ದಾರಿ ಇದೆ, 89ನೇ ಸೆಕ್ಷನ್. ತನಗೋ ಬೇರೆಯವರಿಗೋ ಅಪಾಯ ಮಾಡುವ ಸ್ಥಿತಿ, ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿ ಇರಬೇಕು. ಅವರ ಪರವಾಗಿ ಮನೆಯವರು ಅರ್ಜಿ ಕೊಡಬೇಕು. ಒಬ್ಬ ಮನೋವೈದ್ಯರೂ ಇನ್ನೊಬ್ಬ ತಜ್ಞರೋ ಡಾಕ್ಟರೋ ಬೇರೆಬೇರೆಯಾಗಿ ನೋಡಿ ಒಪ್ಪಬೇಕು. ಹಾಗೆ ಸೇರಿಸಿದರೂ ಮೊದಲಿಗೆ 30 ದಿನ ಮಾತ್ರ. ಸರಪಳಿ ಹಾಕಿ ಕಟ್ಟುವಂತಿಲ್ಲ. ಮನೆಯವರು ನೋಡೋಕೆ ಬರಬಾರದು, ಫೋನ್ ಕೊಡಲ್ಲ, ಡಾಕ್ಟರ್ ಯಾರು ಅಂತ ಹೇಳಲ್ಲ ಅನ್ನುವ ಸೆಂಟರ್ ಆದರೆ ಅಲ್ಲಿಂದ ಎದ್ದು ಬನ್ನಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಅಂತ ಕೇಳಿ. ಸರಿಯಾದವರು ತೋರಿಸುತ್ತಾರೆ, ತಪ್ಪಾದವರು ರೇಗುತ್ತಾರೆ. ನಮ್ಮ ನೆಂಟರ ಹುಡುಗನೊಬ್ಬನನ್ನು ಇಂಥ ಕಡೆ ಹಾಕಿದ್ದರು. ಬಿಟ್ಟು ಬಂದವನು ಆವತ್ತೇ ಕುಡಿದ. ಮನೆಯವರ ಜೊತೆ ಇವತ್ತಿಗೂ ಸರಿಯಾಗಿ ಮಾತಿಲ್ಲ.

ಸೇರಿಸಲೇಬೇಕು ಅಂತ ಡಾಕ್ಟರ್ ಹೇಳಿದರೆ ನಿಮಗೆ ಹತ್ತಿರ ಹಾಸನದ ಹಿಮ್ಸ್, ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಅದಕ್ಕೂ ಮೇಲೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ವ್ಯಸನಕ್ಕೆ ಅಂತಲೇ ಪ್ರತ್ಯೇಕ ಕೇಂದ್ರ ಇದೆ. ಅರಸೀಕೆರೆಯಿಂದ ರೈಲಿದೆ, ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕು. ಬಿಪಿಎಲ್ ಕಾರ್ಡ್, ಆಧಾರ್ ಮರೆಯಬೇಡಿ. ಜೊತೆಗೆ ಮನೆಯವರೊಬ್ಬರು ಉಳಿಯಬೇಕಾಗುತ್ತೆ ಅಂತ ಲೆಕ್ಕ ಹಾಕಿಕೊಂಡೇ ಹೊರಡಿ. ಇದನ್ನು ಓದುವ ಬೇರೆಯವರಿಗೆ: ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ, ಕರಾವಳಿಯವರಿಗೆ ಉಡುಪಿಯ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಈ ಕೆಲಸಕ್ಕೆ ಹೆಸರಾದದ್ದು.

ನಿಮ್ಮೂರಲ್ಲಿ ಧರ್ಮಸ್ಥಳ ಸಂಘ ಇದ್ದರೆ ಸೇವಾಪ್ರತಿನಿಧಿಯನ್ನು ಮದ್ಯವರ್ಜನ ಶಿಬಿರದ ಬಗ್ಗೆ ಕೇಳಿ. ಗ್ರಾಮಾಭಿವೃದ್ಧಿ ಯೋಜನೆಯೂ ಜನಜಾಗೃತಿ ವೇದಿಕೆಯೂ ಸೇರಿ ಊರೂರಲ್ಲಿ 8 ದಿನದ ಶಿಬಿರ ನಡೆಸುತ್ತವೆ, ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ. ಆಸ್ಪತ್ರೆ ಅಂದರೆ ಉರಿದುಬೀಳುವ ಗಂಡಸರು ಶಿಬಿರ ಅಂದರೆ ಒಪ್ಪುತ್ತಾರೆ. ಊರಿನವರೇ ನಾಲ್ಕು ಜನ ಜೊತೆಗಿರುತ್ತಾರೆ, ಭಜನೆ ಇರುತ್ತೆ, ಅವಮಾನ ಅನ್ನಿಸಲ್ಲ. ಬಿಟ್ಟವರನ್ನೆಲ್ಲ ಸೇರಿಸಿ ನವಜೀವನ ಸಮಿತಿ ಅಂತ ಮಾಡುತ್ತಾರೆ. ನನಗೆ ಶಿಬಿರಕ್ಕಿಂತ ಅದೇ ಮುಖ್ಯ ಅನ್ನಿಸುತ್ತೆ. ಆದರೆ ನಿಮ್ಮ ಯಜಮಾನರಂತೆ ಬೆಳಿಗ್ಗೆ ನಡುಕ ಬರುವವರು ಶಿಬಿರಕ್ಕೆ ಮುಂಚೆ ಡಾಕ್ಟರ್‌ಗೆ ತೋರಿಸಲೇಬೇಕು. ಭಜನೆಯಿಂದ ಫಿಟ್ಸ್ ನಿಲ್ಲಲ್ಲ.

ಎಎ ಮೀಟಿಂಗ್ ಬಗ್ಗೆ ಕೇಳಿರಬಹುದು, ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, ನಮ್ಮಲ್ಲಿ ಬೆಂಗಳೂರು, ಮಂಗಳೂರು ಕಡೆ ಕನ್ನಡದಲ್ಲೇ ನಡೆಯುತ್ತೆ. ಕುಡಿತ ಬಿಟ್ಟವರೇ ಕೂತು ತಮ್ಮ ಕಥೆ ಹೇಳಿಕೊಳ್ಳುತ್ತಾರೆ. ಶುಲ್ಕ ಇಲ್ಲ, ಪೂರ್ತಿ ಹೆಸರೂ ಹೇಳಬೇಕಾಗಿಲ್ಲ. ನಾನು ಇದನ್ನು ಎತ್ತಿದ್ದು ನಿಮಗೋಸ್ಕರ. ಮನೆಯವರಿಗೇ ಅಂತ ಅಲ್-ಅನಾನ್ ಎಂಬ ಗುಂಪು ಬೇರೆ ಇದೆ. ಅತ್ತಿಗೆ ಮೊದಲ ಸಲ ಹೋದಾಗ ಪಕ್ಕದಲ್ಲಿದ್ದ ಹೆಂಗಸು "ನಾನು ಬಾಟಲಿ ಹುಡುಕಿ ಹುಡುಕಿ ಅಕ್ಕಿ ಡಬ್ಬದೊಳಗೂ ಕೈ ಹಾಕ್ತಿದ್ದೆ" ಅಂದರಂತೆ. ಅತ್ತಿಗೆಗೆ ನಗು ತಡೆಯೋಕೆ ಆಗಲಿಲ್ಲ, ಅವರೂ ಅದನ್ನೇ ಮಾಡುತ್ತಿದ್ದರು. ನಿಮ್ಮೂರಿಂದ ಹೋಗಿಬರುವುದು ಕಷ್ಟವಾದರೆ ಫೋನಿನಲ್ಲೇ ಸೇರುವ ಮೀಟಿಂಗ್ ಇದೆಯಾ ಅಂತ ವಿಚಾರಿಸಿ.

ಹೊಡೆತದ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ಕುಡಿದ ಮತ್ತಿನಲ್ಲಿ ಹೊಡೆದರೂ ಹೊಡೆತ ಹೊಡೆತವೇ. 181 ಮಹಿಳಾ ಸಹಾಯವಾಣಿ, ತುರ್ತಿದ್ದರೆ 112. ಹಾಸನದಲ್ಲಿ ಸಖಿ ಒನ್ ಸ್ಟಾಪ್ ಸೆಂಟರ್ ಇದೆ, ಹೊಡೆತ ತಿಂದ ಹೆಂಗಸರಿಗೆ ನೆರವಾಗುವ ಸರ್ಕಾರಿ ಕೇಂದ್ರ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ದೂರು ಬರೆಸಿಕೊಳ್ಳುವ ಸಂರಕ್ಷಣಾಧಿಕಾರಿ ನಿಮ್ಮ ತಾಲ್ಲೂಕಿನ ಸಿಡಿಪಿಒ, ಅಂಗನವಾಡಿ ನೋಡಿಕೊಳ್ಳುವ ಆಫೀಸಿನವರೇ. ಆ ಮನೆಯಲ್ಲಿ ಇರುವ ಹಕ್ಕು ನಿಮಗೆ ಇದೆ, ಹೊರಗೆ ಹೋಗು ಅಂದ ಮಾತ್ರಕ್ಕೆ ಹೋಗಬೇಕಾಗಿಲ್ಲ.

ಮಗನಿಗೆ ತಂಬಾಕು ಬಿಡಿಸುವ ಸಹಾಯವಾಣಿ 1800-11-2356. ಆ ಪ್ಯಾಕೆಟ್ ಮೇಲೇ ಅಚ್ಚಾಗಿರುವ ನಂಬರ್. ಕನ್ನಡದಲ್ಲಿ ಮಾತಾಡುತ್ತಾರೆ, ಆಮೇಲೆ ಅವರೇ ವಾಪಸ್ ಫೋನ್ ಮಾಡಿ ವಿಚಾರಿಸುತ್ತಾರೆ. ಅಪ್ಪನ ಜಗಳ ಬೇರೆ, ಅವನ ಹಾನ್ಸ್ ಬೇರೆ. ಎರಡನ್ನೂ ಸೇರಿಸಿ "ನೀನೂ ನಿಮ್ಮಪ್ಪನ ಹಾಗೇ ಆಗ್ತೀಯ" ಅಂತ ಮಾತ್ರ ಅನ್ನಬೇಡಿ. ಬೇಕಾದರೆ ನಂಬರ್ ಅವನ ಕೈಗೇ ಕೊಡಿ.

ಕುಡಿತ ಬಿಟ್ಟವರು ಮತ್ತೆ ಕುಡಿಯೋದು ಸಾಮಾನ್ಯ. ಮದುವೆ, ಜಾತ್ರೆ, ಕೂಲಿ ಬಟವಾಡೆ ದಿನ, ಇವೇ ಕಷ್ಟದ ದಿನಗಳು. ಆಸೆ ತಗ್ಗಿಸುವ ಮಾತ್ರೆಗಳೂ ಇವೆ, ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಂತ. ಲಿವರ್, ಕಿಡ್ನಿ ನೋಡಿ ಯಾವುದು ಅಂತ ಡಾಕ್ಟರ್ ಹೇಳುತ್ತಾರೆ. ನಮ್ಮಣ್ಣನೂ ನಡುವೆ ಜಾರಿದ್ದ. ಮರುದಿನವೇ ಅತ್ತಿಗೆ ಅದೇ ಓಪಿಡಿ ಚೀಟಿ ಹಿಡಿದು ಕರೆದುಕೊಂಡು ಹೋದರು, ಅಷ್ಟೇ. 2019ರಲ್ಲಿ ಬಂದ ಏಮ್ಸ್ ಸಮೀಕ್ಷೆ ಪ್ರಕಾರ ಕುಡಿತದ ಚಟಕ್ಕೆ ಬಿದ್ದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಗುತ್ತೆ. ಮಿಕ್ಕವರೆಲ್ಲ ಹಠಮಾರಿಗಳು ಅಂತ ನನಗೆ ಅನ್ನಿಸಲ್ಲ. ತುಂಬಾ ಜನರಿಗೆ ಯಾವ ಬಾಗಿಲು ತಟ್ಟಬೇಕು ಅಂತಲೇ ಗೊತ್ತಿಲ್ಲ.

ಈ ಮಂಗಳವಾರ ಡಾಕ್ಟರ್ ಬರುತ್ತಾರೆ ಅಂತಾದರೆ ಹೊರಡುವ ಮುಂಚೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ದಿನಕ್ಕೆ ಎಷ್ಟು, ಯಾವ ಹೊತ್ತಿಗೆ ಮೊದಲನೆಯದು, ಹಳೇ ಕಾಯಿಲೆ ಏನು, ಈಗ ಯಾವ ಮಾತ್ರೆ ನುಂಗುತ್ತಿದ್ದಾರೆ. ಹಳೇ ಚೀಟಿ, ರಕ್ತ ಪರೀಕ್ಷೆ ರಿಪೋರ್ಟ್ ಏನಿದ್ದರೂ ಜೊತೆಗಿರಲಿ. ಸರದಿ ಉದ್ದ ಇರುತ್ತೆ, ತಿಂಡಿ ತಿಂದುಕೊಂಡೇ ಹೋಗಿ.