ಗಲ್ಲಾದ ಹಿಂದೆ ಕೂತವರು ಇನ್ನೂ ಕಾಣಿಸಿಲ್ಲ

ಪ್ರಿಯರೇ,

ತೀರಿಕೊಂಡ ಬಾರ್ ಮಾಲೀಕರ ಬಗ್ಗೆ ನೀವು ಕಳಿಸಿದ ನುಡಿನಮನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ತಿದ್ದಿ ಕಳಿಸಿ ಎಂದು ಕೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸಾವಿನ ಸುದ್ದಿ ಬಂದ ರಾತ್ರಿಯೇ ಕೂತು ಬರೆದೆ ಎಂದಿದ್ದೀರಿ. ಅದು ಗೊತ್ತಾಗುತ್ತದೆ. ಮೊದಲ ಎರಡು ಪುಟಗಳಲ್ಲಿ ಅವರು ‘ವರ್ಣರಂಜಿತ ವ್ಯಕ್ತಿ’, ‘ಹೃದಯವಂತರು’, ‘ಅಜಾತಶತ್ರು’. ಯಾವ ಸಂತಾಪ ಸಭೆಯಲ್ಲಾದರೂ, ಯಾರ ಬಗ್ಗೆಯಾದರೂ ಆಡಬಹುದಾದ ಮಾತುಗಳಿವು. ಅಜಾತಶತ್ರು ಎಂಬುದನ್ನಂತೂ ಮೂರನೇ ಪುಟದಲ್ಲಿ ನೀವೇ ಅಲ್ಲಗಳೆದಿದ್ದೀರಿ. ತೂರಾಡುತ್ತಿದ್ದ ಗಿರಾಕಿಯ ಬೈಕಿನ ಕೀಲಿ ಕಿತ್ತುಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದರು, ಅವನು ಕೆನ್ನೆಗೆ ಬಾರಿಸಿದರೂ ಕೊಡಲಿಲ್ಲ, ಮರುದಿನ ಕೀಲಿ ಕೊಡುವಾಗ ಹಳೇ ಬಾಕಿ ಕೇಳಿ ವಸೂಲು ಮಾಡಿದರು. ದುಡ್ಡನ್ನೂ ಬಿಡಲಿಲ್ಲ, ಮನುಷ್ಯನನ್ನೂ ಬಿಡಲಿಲ್ಲ! ಇಂಥವರನ್ನು ಒಂದೇ ವಾಕ್ಯದಲ್ಲಿ ತೋರಿಸಿ ಮತ್ತೆ ಹೊಗಳಿಕೆಗೆ ಹೊರಳಿದ್ದು ನನಗೆ ನಿಜಕ್ಕೂ ಬೇಸರ ತಂದಿತು. ಏಟು ಬಿದ್ದಾಗ ಅವರ ಬಾಯಿಂದ ಬಂದ ಮಾತೇನು? ಬೈದರೋ, ಸುಮ್ಮನೆ ಚಿಲ್ಲರೆ ಎಣಿಸುತ್ತಾ ಕೂತರೋ? ನೀವು ಅಲ್ಲಿದ್ದವರು, ನಾವಲ್ಲ.

ಲಂಡನ್ನಿನ ಸೋಹೊದಲ್ಲಿ 1948ರಲ್ಲಿ ಕಾಲನಿ ರೂಮ್ ಎಂಬ ಕ್ಲಬ್ ತೆರೆದ ಮ್ಯೂರಿಯಲ್ ಬೆಲ್ಚರ್ ನೆನಪಾಗುತ್ತಾರೆ. ಬಾಯಿ ಬಹಳ ಒರಟು. ಚಿತ್ರಕಾರ ಫ್ರಾನ್ಸಿಸ್ ಬೇಕನ್‌ಗೆ ವಾರಕ್ಕೆ 10 ಪೌಂಡ್ ಕೊಟ್ಟು, ಕುಡಿತ ಪುಕ್ಕಟೆ ಮಾಡಿ, ನಿನ್ನ ಸ್ನೇಹಿತರನ್ನು ಕರಕೊಂಡು ಬಾ ಎಂದಿದ್ದರು. ಪಬ್ಬುಗಳು ಮಧ್ಯಾಹ್ನ ಬಾಗಿಲು ಹಾಕಲೇಬೇಕಿದ್ದ ಕಾಲ ಅದು. ಸದಸ್ಯರ ಕ್ಲಬ್ಬಾದ್ದರಿಂದ ಅಲ್ಲಿ ಆ ಹೊತ್ತಿನಲ್ಲೂ ಕುಡಿಯಬಹುದಿತ್ತು. ಆಕೆ ತೀರಿಕೊಂಡಿದ್ದು 1979ರಲ್ಲಿ. ಎಂದೂ ಕಾಣದ ನನಗೆ ಆ ಒಂದು ಒಪ್ಪಂದ, ಆ ಮಧ್ಯಾಹ್ನದ ಹೊತ್ತು ಸಾಕು, ಎಂಥ ಹೆಂಗಸೆಂದು ತಿಳಿಯಲು. ನಿಮ್ಮವರ ಶಟರ್ ಎಷ್ಟು ಹೊತ್ತಿಗೆ ಏಳುತ್ತಿತ್ತು, ಮೊದಲು ಒಳಬರುತ್ತಿದ್ದವರು ಯಾರು, ಕೊನೆಗೆ ಉಳಿದವರನ್ನು ಯಾವ ಮಾತಾಡಿ ಎಬ್ಬಿಸುತ್ತಿದ್ದರು? ನಿಮ್ಮ ಬರಹದಲ್ಲಿ ಹೊತ್ತೇ ಇಲ್ಲ.

ಹೇಳಲು ಕಷ್ಟವಾದ ಮಾತೊಂದಿದೆ. ‘ಕೆಲವು ಮನೆಗಳವರಿಗೆ ಅವರ ಮೇಲೆ ಸಿಟ್ಟಿತ್ತು, ಇರಲಿ’ ಎಂದು ದಾಟಿಬಿಟ್ಟಿದ್ದೀರಿ. ‘ಇರಲಿ’ ಅನ್ನುವ ಹಕ್ಕು ನಿಮಗಿಲ್ಲ, ನನಗೂ ಇಲ್ಲ. ಸಂಬಳದ ದಿನ ಗಂಡನಿಗಾಗಿ ಕಾದು ಕೂತವಳ ಪಾಲಿಗೆ ಈ ಮನುಷ್ಯ ಯಾರಾಗಿದ್ದರು? ಸಾಧ್ಯವಾದರೆ ಅಂಥ ಒಬ್ಬರನ್ನು ಕಂಡು ಮಾತಾಡಿಸಿ. ಅವರು ಹೇಳಿದ್ದನ್ನು ಅವರ ಹೆಸರಿಲ್ಲದೆ, ಮೆತ್ತಗೆ ಮಾಡದೆ ಬರೆಯಿರಿ. ಸತ್ತವರ ಬಗ್ಗೆ ಹೀಗೆ ಬರೆಯುವುದಾ ಎಂಬ ಸಂಕೋಚ ನನಗೂ ಅರ್ಥವಾಗುತ್ತದೆ. ಆದರೂ ಬರೆಯಿರಿ. ನೀವು ಅವರನ್ನು ಪ್ರೀತಿಸಿದ್ದೀರಿ ಎಂಬುದನ್ನು ಓದುಗರು ಆಗ ನಂಬುತ್ತಾರೆ.

ಉದ್ರಿ ಪುಸ್ತಕದಿಂದ ಎತ್ತಿ ಬರೆದ ಹೆಸರುಗಳನ್ನು ದಯವಿಟ್ಟು ತೆಗೆಯಿರಿ, ಸಾಲ ಮಾಡಿದವರು ಬದುಕಿದ್ದಾರೆ. ಆಕಾಶದಲ್ಲಿ ನಕ್ಷತ್ರವಾದರು ಎಂಬ ಕೊನೆಯ ಪ್ಯಾರಾ ಬೇಡ. ಕೀಲಿಯ ಪ್ರಸಂಗದಿಂದಲೇ ಶುರು ಮಾಡಿ, ಎಷ್ಟು ಉದ್ದವಾದರೂ ಸರಿ. ಅವಸರವಿಲ್ಲ. ಆದರೆ ಅವರ ದನಿ ನಿಮ್ಮ ಕಿವಿಯಲ್ಲಿ ಇನ್ನೂ ಇರುವಾಗಲೇ ಬರೆದು ಕಳಿಸಿ.

— ಸಂಪಾದಕ