ಎಂಟು ಮಂದಿ ಹೌದೆಂದಾಗ ಒಂಬತ್ತನೆಯವರು

ಓದುಗರ ಪತ್ರ: ಕಳೆದ ಸಂಚಿಕೆಯ ಲೇಖನದಲ್ಲಿ ಸ್ಟ್ಯಾನ್‌ಫರ್ಡ್ ಜೈಲು ಪ್ರಯೋಗವನ್ನು ಉದಾಹರಿಸಿ, ಸಮವಸ್ತ್ರ ತೊಡಿಸಿ ಕೈಗೆ ಲಾಠಿ ಕೊಟ್ಟರೆ ಎಂಥವರೂ ವಾರದೊಳಗೆ ಕ್ರೂರಿಗಳಾಗುತ್ತಾರೆ ಎಂದು ಬರೆದಿದ್ದೀರಿ. ಎಲ್ಲವೂ ಸನ್ನಿವೇಶದ ಆಟವಾದರೆ ಯಾರನ್ನೂ ತಪ್ಪಿತಸ್ಥರು ಎನ್ನುವಂತಿಲ್ಲವೇ? ಇನ್ನೊಂದು ಪ್ರಶ್ನೆ: ನಾನು ಒಂಬತ್ತು ಜನರ ಒಂದು ಸಮಿತಿಯಲ್ಲಿದ್ದೇನೆ. ಸಭೆಯಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ. ಬಾಗಿಲು ದಾಟಿದ ಮೇಲೆ ‘ನನಗೇನೂ ಇದು ಸರಿ ಕಾಣಲಿಲ್ಲ’ ಎನ್ನುತ್ತಾರೆ. ಇದು ಅವರ ಪುಕ್ಕಲುತನವೋ, ಸಮಿತಿಯ ದೋಷವೋ? ಸರಿಪಡಿಸಲು ದಾರಿಯಿದೆಯೇ?

ಸಂಪಾದಕರ ಉತ್ತರ:

ಮಾನ್ಯರೇ,

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಆ ವಾಕ್ಯವನ್ನು ಹಾಗೆ ಅಚ್ಚು ಮಾಡಬಾರದಿತ್ತು. 1971ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಫಿಲಿಪ್ ಜಿಂಬಾರ್ಡೊ 24 ಯುವಕರನ್ನು ಆರಿಸಿ, ದಿನಕ್ಕೆ 15 ಡಾಲರ್ ಕೊಟ್ಟು, ಒಂದು ಅಣಕು ಜೈಲಿನಲ್ಲಿ ಕೆಲವರನ್ನು ಕಾವಲುಗಾರರನ್ನಾಗಿಯೂ ಕೆಲವರನ್ನು ಕೈದಿಗಳನ್ನಾಗಿಯೂ ಮಾಡಿದ್ದು ನಿಜ. ಎರಡು ವಾರಕ್ಕೆಂದು ಹೂಡಿದ್ದನ್ನು ಆರೇ ದಿನಕ್ಕೆ ನಿಲ್ಲಿಸಿದ್ದೂ ನಿಜ. ಆದರೆ ಕಾವಲುಗಾರರು ‘ತಾವಾಗಿಯೇ’ ಹಾಗಾದರು ಎಂಬ ಭಾಗ ನಿಲ್ಲುವುದಿಲ್ಲ. ಕೈದಿಗಳಲ್ಲಿ ಭಯವನ್ನೂ ಅಸಹಾಯಕತೆಯನ್ನೂ ಹುಟ್ಟಿಸಬೇಕೆಂದು ಅವರಿಗೆ ಮೊದಲೇ ತಿಳಿಹೇಳಲಾಗಿತ್ತು. ಮೃದುವಾಗಿದ್ದ ಒಬ್ಬ ಕಾವಲುಗಾರನನ್ನು ಕರೆದು ‘ಗಟ್ಟಿಯಾಗು’ ಎಂದು ಒತ್ತಾಯಿಸಿದ ಧ್ವನಿಮುದ್ರಿಕೆಯೂ ಉಳಿದಿದೆ. ಇವೆಲ್ಲ 2019ರ ಹೊತ್ತಿಗೆ ಸಂಶೋಧನಾ ಪತ್ರಿಕೆಯಲ್ಲೇ ಪ್ರಕಟವಾಗಿವೆ. ಅಷ್ಟಾದರೂ ಎಲ್ಲ ಕಾವಲುಗಾರರೂ ಕ್ರೂರವಾಗಿ ನಡೆದುಕೊಳ್ಳಲಿಲ್ಲ. ಮನೋವಿಜ್ಞಾನಿಗಳಾದ ಅಲೆಕ್ಸ್ ಹ್ಯಾಸ್ಲಮ್ ಮತ್ತು ಸ್ಟೀಫನ್ ರೈಕರ್ ಬ್ರಿಟನ್ನಿನಲ್ಲಿ 15 ಜನರನ್ನಿಟ್ಟು ಇಂಥದೇ ಜೈಲು ಕಟ್ಟಿದಾಗ, ಹಾಗೆ ಯಾರೂ ಹೇಳಿಕೊಡಲಿಲ್ಲ, ಕಾವಲುಗಾರರು ಆ ಪಾತ್ರಕ್ಕೇ ಹೊಂದಿಕೊಳ್ಳಲಿಲ್ಲ. ಕೈದಿಗಳೇ ಒಗ್ಗೂಡಿ ಆ ವ್ಯವಸ್ಥೆಯನ್ನು ಉರುಳಿಸಿದರು. ಅಂದಮೇಲೆ ಬಟ್ಟೆಯೊಂದೇ ಸಾಲದು. ಆ ಬಟ್ಟೆ ತೊಟ್ಟವನಿಗೆ ‘ಇದು ಒಳ್ಳೆಯ ಕೆಲಸ, ಮಾಡು’ ಎನ್ನುವ ಒಂದು ದನಿಯೂ ಬೇಕು.

‘ಸ್ವಭಾವವೋ ಪರಿಸರವೋ’ ಎಂಬ ಪ್ರಶ್ನೆಯನ್ನು ಮನೋವಿಜ್ಞಾನಿ ಕರ್ಟ್ ಲೆವಿನ್ 1936ರಲ್ಲೇ ಬದಿಗಿಟ್ಟಿದ್ದರು. ನಡವಳಿಕೆ ಎಂಬುದು ವ್ಯಕ್ತಿ ಮತ್ತು ಪರಿಸರ ಎರಡೂ ಕೂಡಿ ಆಗುವಂಥದ್ದು ಎಂಬುದು ಅವರ ಸೂತ್ರ. ಇದು ಇಬ್ಬರ ಮನಸ್ಸನ್ನೂ ನೋಯಿಸದ ಜಾಣ ಉತ್ತರದಂತೆ ಕಾಣಬಹುದು. ಅದರ ನಿಜವಾದ ಉಪಯೋಗ ಬೇರೆ: ಪರಿಸರದಲ್ಲಿ ಯಾವ ಒಂದು ಅಂಶವನ್ನು ಬದಲಿಸಿದರೆ ನಡವಳಿಕೆ ಎಷ್ಟು ಬದಲಾಗುತ್ತದೆ ಎಂದು ಅಳೆಯಬಹುದು. ಪ್ರಸಿದ್ಧ ಪ್ರಯೋಗಗಳನ್ನು ಹೀಗೆ ಓದಬೇಕು. ತಲೆಬರಹಕ್ಕೆ ಏರುವ ಮೊದಲ ಸಂಖ್ಯೆಗಿಂತ, ಆಮೇಲೆ ಒಂದೊಂದೇ ತಿರುಪು ಬದಲಿಸಿ ಮಾಡಿದ ಪ್ರಯೋಗಗಳಲ್ಲಿ ಹೆಚ್ಚು ಸತ್ವವಿದೆ.

ಸ್ಟ್ಯಾನ್ಲಿ ಮಿಲ್‌ಗ್ರಾಂ ಅವರ ಕೆಲಸವನ್ನೇ ನೋಡಿ. ಪ್ರಯೋಗಕ್ಕೆ ಬಂದವರ ಎದುರಿಗೆ 15ರಿಂದ 450 ವೋಲ್ಟ್‌ವರೆಗಿನ 30 ಗುಂಡಿಗಳ ಶಾಕ್ ಯಂತ್ರ. ಪಕ್ಕದ ಕೋಣೆಯಲ್ಲಿ ಕುಳಿತವರು ತಪ್ಪು ಉತ್ತರ ಕೊಟ್ಟಾಗಲೆಲ್ಲ ಒಂದು ಗುಂಡಿ ಮೇಲೇರಿ ಶಾಕ್ ಕೊಡಬೇಕೆಂದು ಪ್ರಯೋಗ ನಡೆಸುವವರ ಆಜ್ಞೆ. ಶಾಕ್ ನಿಜವಾದದ್ದಲ್ಲ, ಆದರೆ ಗುಂಡಿ ಒತ್ತುವವರಿಗೆ ಅದು ಗೊತ್ತಿರಲಿಲ್ಲ. 1963ರಲ್ಲಿ ಪ್ರಕಟವಾದ ಫಲಿತಾಂಶದಂತೆ 40 ಜನರಲ್ಲಿ 26 ಮಂದಿ ಕೊನೆಯ ಗುಂಡಿಯನ್ನೂ ಒತ್ತಿದರು, ಅಂದರೆ ಶೇ 65. ಎಲ್ಲರೂ ನೆನಪಿಡುವುದು ಇಷ್ಟನ್ನೇ. ಮುಂದಿನದನ್ನು ಕೇಳಿ. ಶಾಕ್ ತಿನ್ನುವ ವ್ಯಕ್ತಿಯನ್ನು ಅದೇ ಕೋಣೆಗೆ ತಂದು ಕೂರಿಸಿದಾಗ ಕೊನೆಮುಟ್ಟಿದವರು ಶೇ 40. ಅವರ ಕೈ ಹಿಡಿದು ಶಾಕ್ ಹರಿಯುವ ಫಲಕದ ಮೇಲೆ ಒತ್ತಬೇಕಾದಾಗ ಶೇ 30. ಆಜ್ಞೆ ಕೊಡುವವರು ಹೊರಗೆ ಹೋಗಿ ಫೋನಿನಲ್ಲಿ ಹೇಳಿದಾಗ ಸುಮಾರು ಶೇ 20. ಅಲ್ಲೂ ಕೆಲವರು ಕಡಿಮೆ ವೋಲ್ಟಿನ ಗುಂಡಿಯನ್ನೇ ಒತ್ತುತ್ತ, ಏರಿಸುತ್ತಿದ್ದೇವೆಂದು ಸುಳ್ಳು ಹೇಳಿದರು. ಜೊತೆಗಿದ್ದ ಇಬ್ಬರು ‘ನಾವು ಮಾಡೆವು’ ಎಂದು ಎದ್ದುಹೋದಾಗ ಶೇ 10. ಇನ್ನೊಂದು ತುದಿಯಲ್ಲಿ, ಗುಂಡಿಯನ್ನು ಬೇರೊಬ್ಬರು ಒತ್ತಿ, ಇವರಿಗೆ ಪ್ರಶ್ನೆ ಓದುವಂಥ ಪಕ್ಕದ ಕೆಲಸ ಮಾತ್ರ ಉಳಿದಾಗ 40ರಲ್ಲಿ 37 ಮಂದಿ ಕೊನೆಯವರೆಗೂ ಸುಮ್ಮನೆ ಸಹಕರಿಸಿದರು.

ನಿಮ್ಮ ‘ಯಾರ ತಪ್ಪು’ ಪ್ರಶ್ನೆಗೆ ಇಲ್ಲೇ ಉತ್ತರವಿದೆ. ಶೇ 65 ಎನ್ನುವಲ್ಲಿ ಶೇ 35 ಮಂದಿ ಒಲ್ಲೆ ಎಂದದ್ದೂ ಸೇರಿದೆ, ಹಾಗಾಗಿ ಸನ್ನಿವೇಶ ಯಾರ ಕೈಯನ್ನೂ ಕಟ್ಟಿಹಾಕಿರಲಿಲ್ಲ. ಆದರೆ ದೂರವೆಷ್ಟು, ಕೆಲಸವನ್ನು ಎಷ್ಟು ತುಂಡಾಗಿ ಹಂಚಬೇಕು, ಬೇಡವೆನ್ನುವವರು ಕೋಣೆಯಲ್ಲಿರಬೇಕೇ ಎಂಬುದನ್ನೆಲ್ಲ ಯಾರೋ ಒಬ್ಬರು ತೀರ್ಮಾನಿಸಿರುತ್ತಾರೆ. ಸನ್ನಿವೇಶ ಆಕಾಶದಿಂದ ಉದುರಿದ್ದಲ್ಲ. ಗುಂಡಿ ಒತ್ತಿದವರ ಹೊಣೆ ಅವರದೇ. ಯಂತ್ರವನ್ನೂ ಕೋಣೆಯನ್ನೂ ಜೋಡಿಸಿದವರ ಹೊಣೆ ಅದರ ಮೇಲೆ ಇನ್ನೊಂದು.

ಈಗ ನಿಮ್ಮ ಸಮಿತಿ. ಇದಕ್ಕೆ ನೇರವಾಗಿ ಒದಗುವುದು 1950ರ ದಶಕದಲ್ಲಿ ಸಾಲೊಮನ್ ಆಶ್ ಮಾಡಿದ ಗೆರೆಗಳ ಪ್ರಯೋಗ. ಮೂರು ಗೆರೆಗಳಲ್ಲಿ ಯಾವುದು ಮಾದರಿ ಗೆರೆಯಷ್ಟು ಉದ್ದವಿದೆ ಎಂದು ಗಟ್ಟಿಯಾಗಿ ಹೇಳಬೇಕು, ಅಷ್ಟೆ. ಒಬ್ಬರೇ ಇದ್ದಾಗ ಈ ಪ್ರಶ್ನೆಗೆ ತಪ್ಪು ಉತ್ತರ ಬರುವುದು ಶೇ 1ಕ್ಕಿಂತ ಕಡಿಮೆ. ಆದರೆ ಇಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಪ್ರಯೋಗ ನಡೆಸುವವರ ಕಡೆಯವರು; ಮೊದಲೇ ಮಾತಾಡಿಕೊಂಡ ಈ ಗುಂಪು 18 ಸುತ್ತುಗಳಲ್ಲಿ 12 ಬಾರಿ ಬೇಕೆಂದೇ ಒಂದೇ ತಪ್ಪು ಉತ್ತರ ಹೇಳಿತು. ಆ ಸುತ್ತುಗಳಲ್ಲಿ ಒಳಗುಟ್ಟು ಗೊತ್ತಿಲ್ಲದವರ ಸುಮಾರು ಶೇ 37ರಷ್ಟು ಉತ್ತರಗಳು ಗುಂಪಿನ ಕಡೆ ವಾಲಿದವು. ನಾಲ್ವರಲ್ಲಿ ಒಬ್ಬರು ಮಾತ್ರ ಒಮ್ಮೆಯೂ ಬಗ್ಗಲಿಲ್ಲ. ತಪ್ಪು ಹೇಳುವವರು ಎದುರಿಗೆ ಒಬ್ಬರೇ ಇದ್ದರೆ ಪರಿಣಾಮ ಇಲ್ಲವೇ ಇಲ್ಲ ಎನ್ನಬಹುದು. ಇಬ್ಬರಾದರೆ ಸುಮಾರು ಶೇ 14. ಮೂವರಾದರೆ ಶೇ 32. ಅಲ್ಲಿಂದಾಚೆ ಜನ ಹೆಚ್ಚಿದರೂ ಆಶ್ ಅವರಿಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಎಂದರೆ ನಿಮ್ಮ ಸಭೆಯಲ್ಲಿ ಮೊದಲ ಮೂವರು ಹೌದೆಂದಾಗಲೇ ಆಗಬೇಕಾದ್ದು ಹೆಚ್ಚುಕಡಿಮೆ ಆಗಿಹೋಗಿರುತ್ತದೆ.

ಆಮೇಲೆ ವಿಚಾರಿಸಿದಾಗ ಬಗ್ಗಿದವರು ಎರಡು ಬಗೆಯ ಕಾರಣ ಕೊಟ್ಟರು. ‘ಅಷ್ಟು ಜನ ಹೇಳಿದ ಮೇಲೆ ನನ್ನ ಕಣ್ಣೇ ಸರಿಯಿಲ್ಲ ಅನ್ನಿಸಿತು’ ಎಂಬುದು ಒಂದು. ‘ಗೊತ್ತಿತ್ತು, ಒಬ್ಬನೇ ಬೇರೆಯಾಗಿ ಕಾಣುವುದು ಬೇಡವೆನಿಸಿತು’ ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ಹೇಡಿತನವೆಂದು ಕರೆದರೆ ಮದ್ದು ತಪ್ಪುತ್ತದೆ. ಮೊದಲನೆಯವರಿಗೆ ಬೇಕಾದ್ದು ಮಾಹಿತಿ ಮತ್ತು ಸಮಯ, ಎರಡನೆಯವರಿಗೆ ಮರೆ. ಬಾಗಿಲಾಚೆ ಬೇರೆ ಮಾತಾಡುವ ನಿಮ್ಮ ಸದಸ್ಯರು ಬಹುತೇಕ ಎರಡನೆಯ ಬಗೆ.

ಇದಕ್ಕೊಂದು ಒಳಸುಳಿಯಿದೆ. 1968ರಲ್ಲಿ ಬಿಬ್ ಲತಾನೆ ಮತ್ತು ಜಾನ್ ಡಾರ್ಲಿ, ಅರ್ಜಿ ತುಂಬುತ್ತ ಕುಳಿತವರ ಕೋಣೆಗೆ ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದಾಗ ಶೇ 75 ಮಂದಿ ಎದ್ದುಹೋಗಿ ತಿಳಿಸಿದರು. ಏನೂ ಆಗದವರಂತೆ ಕೂರಲು ಹೇಳಿಸಿಕೊಂಡ ಇಬ್ಬರು ಜೊತೆಗಿದ್ದಾಗ ತಿಳಿಸಿದವರು ಶೇ 10 ಮಾತ್ರ. ಅಳುಕು ಒಳಗಿದ್ದರೂ ಮುಖದಲ್ಲಿ ತೋರದು. ಆ ಶಾಂತ ಮುಖವನ್ನೇ ಪಕ್ಕದವರು ಪುರಾವೆ ಎಂದು ಓದುತ್ತಾರೆ. ನಿಮ್ಮ ಸಭೆಯಲ್ಲಿ ಒಂಬತ್ತೂ ಮಂದಿಗೆ ಅನುಮಾನವಿದ್ದು, ಒಂಬತ್ತೂ ಮಂದಿ ‘ಉಳಿದವರೆಲ್ಲ ಒಪ್ಪಿದ್ದಾರೆ’ ಎಂದು ನಂಬಿರುವ ಸಾಧ್ಯತೆ ಖಂಡಿತ ಇದೆ.

ಹಾಗಾಗಿ ಚರ್ಚೆ ಶುರುವಾಗುವ ಮುನ್ನ ಐದು ನಿಮಿಷ ಎಲ್ಲರೂ ಬರೆಯಲಿ. ಒಂದೇ ಅಳತೆಯ ಚೀಟಿ, ಹೆಸರು ಬೇಡ. ಪ್ರಶ್ನೆ ‘ಒಪ್ಪಿಗೆಯೇ?’ ಎಂದಿರಬಾರದು, ಅದಕ್ಕೆ ಹೌದೆಂಬುದೇ ಸಲೀಸಾದ ಉತ್ತರ. ‘ಇದರಲ್ಲಿ ಕೆಡುವಂಥದ್ದು ಯಾವುದು?’ ಎಂದು ಕೇಳಿ. ಅಧ್ಯಕ್ಷರಲ್ಲದ ಒಬ್ಬರು ಚೀಟಿಗಳನ್ನು ಕಲೆಸಿ ಎಲ್ಲವನ್ನೂ ಓದಲಿ. ಆಮೇಲೆ ಮಾತು, ಹಿರಿಯರಿಂದ ಕಿರಿಯರಿಗಲ್ಲ, ಕಿರಿಯರಿಂದ ಹಿರಿಯರಿಗೆ, ಅಧ್ಯಕ್ಷರು ಕೊನೆಗೆ. ಕೈಯೆತ್ತಿಸುವುದಾದರೆ ಒಮ್ಮೆಗೇ ಎತ್ತಿಸಿ, ಸಾಲಾಗಿ ಒಬ್ಬೊಬ್ಬರನ್ನು ಕೇಳುತ್ತ ಹೋಗಬೇಡಿ.

ಇದು ಎಲ್ಲಿ ಕೆಡುತ್ತದೆ? ಒಂಬತ್ತೇ ಜನರಲ್ಲಿ ಕೈಬರಹ ಗುರುತು ಸಿಗುತ್ತದೆ, ಟೈಪ್ ಮಾಡಿಸಿದರೆ ಒಳ್ಳೆಯದು. ಅಧ್ಯಕ್ಷರು ಒಂದೇ ಒಂದು ಸಲ ನಗುನಗುತ್ತಲೇ ‘ಇದನ್ನು ಬರೆದದ್ದು ಯಾರಪ್ಪಾ?’ ಎಂದರೂ ಮುಗಿಯಿತು, ಮುಂದಿನ ಸಭೆಯ ಚೀಟಿಗಳೆಲ್ಲ ಹೊಗಳಿಕೆಯೇ. ವಿರೋಧಿಸುವ ಪಾತ್ರವನ್ನು ಒಬ್ಬರಿಗೆ ವಹಿಸಿಕೊಡುವ ಪದ್ಧತಿಯೂ ಇದೆ. ನಮಗೆ ಅದರಲ್ಲಿ ನಂಬಿಕೆ ಕಡಿಮೆ. ನಿಜವಾಗಿ ಒಪ್ಪದವರು ಮಾತಾಡಿದಾಗ ಗುಂಪಿನಲ್ಲಿ ಹುಟ್ಟುವಷ್ಟು ಹೊಸ ಯೋಚನೆ, ಪಾತ್ರ ವಹಿಸಿದವರು ಮಾತಾಡಿದಾಗ ಹುಟ್ಟುವುದಿಲ್ಲ ಎಂದು ಶಾರ್ಲನ್ ನೆಮೆತ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದ್ದಾರೆ. ನಾಟಕವೆಂದು ಗೊತ್ತಾದ ಮೇಲೆ ಯಾರೂ ಕದಲುವುದಿಲ್ಲ.

ಇನ್ನೊಂದು ಎಚ್ಚರ. ಹೆಸರಿಲ್ಲದ ಚೀಟಿ ಅಭಿಪ್ರಾಯಕ್ಕೆ ಮಾತ್ರ, ಕೆಲಸಕ್ಕಲ್ಲ. 1979ರಲ್ಲಿ ಲತಾನೆ ಮತ್ತು ಸಂಗಡಿಗರು ಜನರನ್ನು ಸಾಧ್ಯವಾದಷ್ಟು ಜೋರಾಗಿ ಕೂಗಲು, ಚಪ್ಪಾಳೆ ತಟ್ಟಲು ಹೇಳಿ ಸದ್ದನ್ನು ಅಳೆದರು. ಇಬ್ಬರಿದ್ದಾಗ ತಲಾ ಸಾಮರ್ಥ್ಯದ ಶೇ 71, ನಾಲ್ವರಾದಾಗ ಶೇ 51, ಆರು ಮಂದಿಯಾದಾಗ ಶೇ 40 ಸದ್ದು ಬಂತು. ಒಂದು ಪಾಲು ತಾಳ ತಪ್ಪಿದ್ದರಿಂದ, ಇನ್ನೊಂದು ಪಾಲು ಅಪ್ಪಟ ಗುಂಪಿನಲ್ಲಿ ಗೋವಿಂದ. ಆಮೇಲೆ ಮಾಡಿದ ಪ್ರಯೋಗದಲ್ಲಿ, ಪ್ರತಿಯೊಬ್ಬರ ಸದ್ದನ್ನೂ ಬೇರೆಬೇರೆಯಾಗಿ ಅಳೆಯಲಾಗುತ್ತಿದೆ ಎಂದು ತಿಳಿದಾಗ ಆ ಸೋಮಾರಿತನ ಮಾಯವಾಯಿತು. ಆದ್ದರಿಂದ ನಡಾವಳಿಯಲ್ಲಿ ‘ಸಮಿತಿ ಮಾಡತಕ್ಕದ್ದು’ ಎಂದು ಬರೆಯಬೇಡಿ. ಯಾರು, ಏನು, ಯಾವ ದಿನಾಂಕದೊಳಗೆ ಎಂದು ಬರೆಯಿರಿ.

ಅಧ್ಯಕ್ಷರು ಚೀಟಿಗೇ ಒಪ್ಪದಿದ್ದರೆ? ಆಗ ಸಭೆಗೆ ಮುಂಚೆ ಒಬ್ಬ ಸದಸ್ಯರ ಜೊತೆ ಮಾತಾಡಿಕೊಳ್ಳಿ. ಆಶ್ ಅವರ ಪ್ರಯೋಗದಲ್ಲಿ ಸರಿ ಉತ್ತರ ಹೇಳುವ ಒಬ್ಬ ಜೊತೆಗಾರ ಸಿಕ್ಕಾಗ ಬಗ್ಗುವಿಕೆ ಕಾಲುಭಾಗಕ್ಕೆ ಇಳಿಯಿತು. ಗುಂಪಿಗಿಂತಲೂ ಹೆಚ್ಚು ತಪ್ಪಾದ ಉತ್ತರ ಹೇಳಿದ ಒಬ್ಬನಿದ್ದಾಗಲೂ ಶೇ 9ಕ್ಕೆ ಇಳಿಯಿತು. ಒಮ್ಮತ ಎಲ್ಲಾದರೂ ಒಡೆದರೆ ಸಾಕಿತ್ತು. ಹಾಗಾಗಿ ನಿಮ್ಮ ಅಭಿಪ್ರಾಯವನ್ನೇ ಹೇಳುವವರು ಬೇಕಿಲ್ಲ, ಒಂದು ಗಟ್ಟಿ ಪ್ರಶ್ನೆ ಕೇಳುವವರಾದರೂ ಆದೀತು. ಆದರೆ ಆರಿಸಿಕೊಳ್ಳುವಾಗ ನೋಡಿಕೊಳ್ಳಿ: ಆರು ಸುತ್ತು ಜೊತೆಗಿದ್ದು ನಡುವೆ ಗುಂಪಿನ ಕಡೆ ಜಾರಿದ ಜೊತೆಗಾರನಿಂದಾಗಿ ತಪ್ಪು ಉತ್ತರಗಳು ಮತ್ತೆ ಶೇ 28ರ ಮೇಲಕ್ಕೆ ಏರಿದ್ದವು.

— ಸಂ.